ಓದಿ ಹೇಳಿದ್ರಾ?

ಶಿವಮೊಗ್ಗದ ಜಿಲ್ಲಾ ಪಂಚಾಯಿತಿಯ ಅಧಿಕಾರಿಯೊಬ್ಬರ ಮುಂದೆ ಯಾವ ಸಂಶೋಧನಾ ವರದಿ ಇಟ್ಟರೂ, ಅವರು ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದುದು ಒಂದೇ: "ಉತ್ತರ ಕೊಟ್ಟವರಿಗೆ ಇದನ್ನ ಓದಿ ಹೇಳಿದ್ರಾ?"

ವಿದೇಶಿ ವಿಶ್ವವಿದ್ಯಾಲಯವೊಂದಕ್ಕಾಗಿ ಅಂಗನವಾಡಿಗಳ ಬಗ್ಗೆ ನಾನು ಬರೆದ ಇನ್ನೂರು ಪುಟಕ್ಕೂ ಅದೇ ಪ್ರಶ್ನೆ. ಇಲ್ಲವೆಂದೆ. ಮರುದಿನ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಭದ್ರಾವತಿಯ ಕಾಗದನಗರಕ್ಕೆ ಹೊರಟರು. ಅಲ್ಲಿನ ಅಂಗನವಾಡಿಯಲ್ಲಿ, ನನಗೆ ಉತ್ತರ ಕೊಟ್ಟಿದ್ದ ತಾಯಂದಿರ ಮುಂದೆ ನಾನೇ ಓದಿದೆ: ಮಕ್ಕಳನ್ನು ಕಳಿಸದಿರಲು ತಿಳಿವಳಿಕೆಯ ಕೊರತೆಯೇ ಕಾರಣ.

"ತಿಳಿವಳಿಕೆ ಇದೆ ಮೇಡಂ," ಒಬ್ಬಾಕೆ ನಕ್ಕಳು. "ನಾವು ಎಂಟಕ್ಕೇ ಕೆಲಸಕ್ಕೆ ಹೋಗ್ತೀವಿ. ಇಲ್ಲಿ ಬಾಗಿಲು ತೆಗೆಯೋದು ಹತ್ತಕ್ಕೆ. ಮಗೂನ ಯಾರು ತಂದು ಬಿಡ್ತಾರೆ?"

ಅಧಿಕಾರಿ ತಮ್ಮ ಪೆನ್ನನ್ನು ನನ್ನ ಕೈಗಿಟ್ಟರು. ಆ ಸಾಲನ್ನು ನಾನೇ ಹೊಡೆದುಹಾಕಿದೆ.

ಮುಂದಿನ ತಿಂಗಳಿಂದ ಅಂಗನವಾಡಿಯ ಬಾಗಿಲು ಏಳೂವರೆಗೇ ತೆರೆಯತೊಡಗಿತು. ಕೆಲಸಕ್ಕೆ ಎಷ್ಟು ಗಂಟೆಗೆ ಹೋಗ್ತೀರಿ ಎಂಬ ಪ್ರಶ್ನೆ ನನ್ನ ಪ್ರಶ್ನಾವಳಿಯಲ್ಲೇ ಇರಲಿಲ್ಲ.