ಬೆರಳಗಲ ಎದ್ದ ಹಿತ್ತಲು

ಭದ್ರಾವತಿಯ ಒಂದು ಮನೆಯವರ ಋಣ ನನ್ನ ಮೇಲಿದೆ. ಅವರ ಹಿತ್ತಲಿನಲ್ಲೊಂದು ಹಾಸುಬಂಡೆ. ಅದರ ಮೇಲೆ ಸೊಂಟದೆತ್ತರದ ಕಾಂಕ್ರೀಟ್ ಕಂಬ ನಿಲ್ಲಿಸಿ, ತುದಿಗೆ ಮಗುಚಿಟ್ಟ ಬೋಗುಣಿಯಂಥ ಆಂಟೆನಾ ಕೂರಿಸಿದವಳು ನಾನು. ಉಪಗ್ರಹಗಳ ಸಂಕೇತ ಹಿಡಿದು, ತಾನೆಲ್ಲಿದ್ದೇನೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಹೇಳುವುದು ಅದರ ಕೆಲಸ.

ಭೂಕಂಪ ಓದುವವಳು ಹಿಮಾಲಯ ಬಿಟ್ಟು ಭದ್ರಾವತಿಯಲ್ಲಿ ಏನು ಮಾಡುತ್ತೀ ಎಂದು ನಮ್ಮ ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಬಸ್ಸಿನಲ್ಲಿ ಎಷ್ಟೋ ಜನ ರೇಗಿಸಿದ್ದಾರೆ. ನಮ್ಮ ಇಡೀ ನೆಲ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಹಿಮಾಲಯದ ಬುಡದಲ್ಲಿ ಅದಕ್ಕೆ ಸಲೀಸಾಗಿ ದಾರಿ ಸಿಗುವುದಿಲ್ಲ. ಅಲ್ಲಿ ಒತ್ತಡ ಕೂಡುತ್ತಾ ಹೋಗಿ ಒಂದು ದಿನ ಭೂಕಂಪವಾಗುತ್ತದೆ. ಎಷ್ಟು ಕೂಡಿದೆ ಎಂದು ತಿಳಿಯಬೇಕಾದರೆ, ಅಡ್ಡಿಯಿಲ್ಲದೆ ಸರಿಯುತ್ತಿರುವ ನಮ್ಮಂಥ ಊರಿನ ವೇಗ ಗೊತ್ತಿರಬೇಕು.

ಆ ಮನೆಯಾಕೆ ಬಟ್ಟೆ ಹೊಲಿಯುತ್ತಾರೆ, ಗಂಡ ಲಾರಿ ಓಡಿಸುತ್ತಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಯಂತ್ರದ ಸುತ್ತ ಕಳೆ ಬೆಳೆಯದಂತೆ ವರ್ಷಗಟ್ಟಲೆ ನೋಡಿಕೊಂಡವರು ಅವರು. ಪಕ್ಕದ ಮನೆಯವರು ಆ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ಬಂದರೆ ಬೈದು ಕಳಿಸಿದ್ದರಂತೆ.

ಒಮ್ಮೆ ದಸರಾ ರಜೆ ಮುಗಿಸಿ ಬಂದು ಕಂಪ್ಯೂಟರ್ ತೆರೆದೆ. ರಜೆಯ ನಡುವೆ ಕೆಲವು ಗಂಟೆ ಮಾಹಿತಿಯೇ ಇಲ್ಲ. ಆಮೇಲೆ ಆಂಟೆನಾ ಬೆರಳಗಲ ಮೇಲಕ್ಕೆದ್ದು ಕೂತಿದೆ. ಹಿಮಾಲಯಕ್ಕೇ ಅಷ್ಟು ಏರಲು ವರ್ಷಗಳು ಬೇಕು.

ನನ್ನ ಮಾರ್ಗದರ್ಶಕರು, "ಕಾರಣ ಸಿಕ್ಕಿದ್ರೆ ಸರಿಪಡಿಸಬಹುದು. ಸಿಗದಿದ್ರೆ ಬಂಡೆನೇ ಸರಿಯಿಲ್ಲ ಅಂತ ಈ ಕೇಂದ್ರ ಕೈಬಿಡೋದೇ" ಎಂದರು. ಅಷ್ಟು ವರ್ಷಗಳ ಅಳತೆ ನೀರುಪಾಲಾಗುವುದರಲ್ಲಿತ್ತು. ಬರುತ್ತಿದ್ದೇನೆ ಎಂದು ಅಕ್ಕನಿಗೆ ಫೋನ್ ಮಾಡಿ, ಮಧ್ಯಾಹ್ನದ ಬಸ್ ಹತ್ತಿದೆ.

ಹಿತ್ತಲಿನಲ್ಲಿ ಎಲ್ಲ ನಾನು ಬಿಟ್ಟುಹೋದ ಹಾಗೇ ಇತ್ತು. ಒಳಗೆ ಬಂದು, ಯಾರಾದರೂ ಅದನ್ನು ಮುಟ್ಟಿದ್ದರಾ ಎಂದು ಕೇಳಿದೆ.

"ಇಲ್ಲ ಮೇಡಂ, ನಾಯಿನೂ ಹತ್ರ ಹೋಗಲ್ಲ," ಎಂದು ಅಕ್ಕನ ಗಂಡ ತಟ್ಟನೆ ಹೇಳಿದರು. ಅಕ್ಕ ಹೊಲಿಯುವುದನ್ನು ನಿಲ್ಲಿಸಿದರು.

"ಸುಳ್ಳು ಯಾಕೆ ಹೇಳ್ತೀರ? ನಾನೇ ಬಿಚ್ಚಿದ್ದು," ಎಂದರು. "ಆಯುಧಪೂಜೆಗೆ ಲಾರಿ, ಮಿಷನ್ನು, ಮಿಕ್ಸಿ ಎಲ್ಲ ತೊಳೆದ್ವಿ. ಇದೊಂದನ್ನ ಹಕ್ಕಿ ಹಿಕ್ಕೆ ಸಮೇತ ಹೆಂಗೆ ಬಿಡೋದು? ತೊಳ್ದು, ಕುಂಕುಮ ಇಟ್ಟು, ತುಕ್ಕು ಹಿಡೀದಿರ್ಲಿ ಅಂತ ಅಡಿಗೆ ವಾಷರ್ ಹಾಕಿ ಕೂರಿಸ್ದೆ. ಇವತ್ತು ನಿನ್ನ ಫೋನ್ ಬಂದ್ಮೇಲೆ ಇವ್ರು ವಾಷರ್ ತೆಗೆದು, ಕುಂಕುಮ ಒರೆಸಿಬಿಟ್ರು."

ಮಿಷನ್ನಿನ ಡ್ರಾಯರಿನಿಂದ ಎರಡು ದಪ್ಪ ರಬ್ಬರ್ ವಾಷರ್ ತೆಗೆದು ನನ್ನ ಕೈಗಿಟ್ಟರು. ಜೋಡಿಸಿ ನೋಡಿದೆ, ಸರಿಯಾಗಿ ಬೆರಳಗಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಕೆಟ್ಟೋಯ್ತಾ? ತಗೊಂಡು ಹೋಗ್ತೀಯಾ ಇದನ್ನ?" ಎಂದು ಅಕ್ಕ ಕೇಳಿದರು.

"ಅದಕ್ಕೇ ನಾನು ಹಂಗಂದಿದ್ದು," ಗಂಡ ಗೊಣಗಿದರು. "ತಗೊಂಡು ಹೋದ್ರೆ ಇವಳು ಅತ್ಕೊಂಡು ಕೂರ್ತಾಳೆ."

ಯಾವ ದಿನ, ಎಷ್ಟು ದಪ್ಪ ಎಂದು ಗೊತ್ತಾದ ಮೇಲೆ ಅಷ್ಟನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಗಂಡನ ಮಾತು ನಂಬಿ ವಾಪಸ್ ಹೋಗಿದ್ದರೆ, ಎದ್ದ ಬಂಡೆ ಕಾರಣವಿಲ್ಲದೆ ಮತ್ತೆ ಕುಸಿದಿದೆ ಎಂದುಕೊಂಡು ನಾವು ಆ ವಾರವೇ ಯಂತ್ರ ಕಿತ್ತೊಯ್ಯುತ್ತಿದ್ದೆವು. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ.

"ಕೇಳಿಸ್ತಾ?" ಎಂದು ಅಕ್ಕ ಗಂಡನನ್ನು ದುರುಗುಟ್ಟಿ ನೋಡಿ, "ಕೂತ್ಕೊ ಮಾರಾಯ್ತಿ, ಕಾಫಿ ಮಾಡ್ತೀನಿ" ಎನ್ನುತ್ತಾ ಒಳಗೆ ಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು.

ಹಿಮಾಲಯದಲ್ಲಿ ಎಷ್ಟು ಒತ್ತಡ ಕೂಡಿದೆ ಎಂಬ ನಮ್ಮ ಲೆಕ್ಕದಲ್ಲಿ ಇವತ್ತಿಗೂ ಭದ್ರಾವತಿಯ ಆ ಹಿತ್ತಲಿದೆ. ಸುಮ್ಮನಿದ್ದರೆ ಯಂತ್ರ ಉಳಿಯುತ್ತದೆ ಎಂದುಕೊಂಡಿದ್ದರೂ, ಹೋದರೆ ಹೋಗಲಿ ಎಂದು ಅಕ್ಕ ನಿಜ ಹೇಳಿದ್ದರಿಂದ ಅದು ಉಳಿದಿದೆ.