ಅತ್ತೆ ಬಿಟ್ಟ ಜಾಗ

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಕಾಲೇಜಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ, ಅದೇ ಕಿಟಕಿಯ ಪಕ್ಕ ಕೂತು ಕೆಲಸ ಮಾಡಿದವಳು. ವಿಜ್ಞಾನದ ಪ್ರಬಂಧಗಳೆಂದರೆ ಅವಳದು ಎತ್ತಿದ ಕೈ. ಹಳೆಯ ಯಂತ್ರದಲ್ಲಿ ಆಲ್ಫಾ, ವರ್ಗಮೂಲ, ಡಿಗ್ರಿ ಇಂಥ ಯಾವ ಚಿಹ್ನೆಗೂ ಕೀಲಿ ಇರಲಿಲ್ಲ. ಅವು ಬಂದಲ್ಲಿ ಅಳತೆ ಹಿಡಿದು ಜಾಗ ಬಿಡುತ್ತಿದ್ದಳು. ಹಾಳೆ ಹೊರಗೆ ಬಂದ ಮೇಲೆ ಸಣ್ಣ ಮೊನೆಯ ಪೆನ್ನಿನಿಂದ ತುಂಬುತ್ತಿದ್ದಳು. ಆ ಬರವಣಿಗೆ ಅಚ್ಚೊತ್ತಿದಂತೆ ಇರುತ್ತಿತ್ತು.

ಕಂಪ್ಯೂಟರ್ ಬಂತು. ಅಕ್ಷರಗಳನ್ನು ವಾರದಲ್ಲಿ ಕಲಿತಳು. ಚಿಹ್ನೆ ಮಾತ್ರ ಊಹೂಂ. ಜಾಗ ಬಿಡು, ಪ್ರಿಂಟ್ ತೆಗೆ, ಪೆನ್ನು ಹಿಡಿ. ಮಾಲೀಕ ಅವಳಿಗೆ ‘ಖಾಲಿ ಜಾಗ’ ಎಂದೇ ಹೆಸರಿಟ್ಟ. ಪಕ್ಕದ ಕುರ್ಚಿಗೆ ಸೇರಿಕೊಂಡ ನಾನೂ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ನಗುತ್ತಿದ್ದೆ.

ಒಂದು ಸೋಮವಾರ ರಸಾಯನಶಾಸ್ತ್ರದ ಹುಡುಗಿಯೊಬ್ಬಳ ಫೋನ್ ಬಂತು. ಅತ್ತೆ ಟೈಪ್ ಮಾಡಿದ್ದ ಅವಳ ಪ್ರಬಂಧವನ್ನು ಪ್ರಿಂಟ್ ಮಾಡದೆ ಫೈಲನ್ನಷ್ಟೇ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು. ಮಾಲೀಕ ತೆರೆದೂ ನೋಡದೆ ಕಳಿಸಿದ್ದ. ಇನ್ನೂರ ಹದಿನಾಲ್ಕು ಕಡೆ ಖಾಲಿ ಎಂದು ಅದು ವಾಪಸ್ ಬಂದಿತ್ತು. ಸಂಜೆ ಐದರೊಳಗೆ ಸರಿಯಾದದ್ದು ತಲುಪದಿದ್ದರೆ ಆರು ತಿಂಗಳು ಕಾಯಬೇಕು. “ನಾನು ರೈಲಲ್ಲಿದೀನಿ, ಕೈಬರಹದ ಪ್ರತೀನೂ ನನ್ನ ಹತ್ರಾನೇ ಇದೆ...” ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಸಿಗಲೇ ಇಲ್ಲ.

ಅತ್ತೆಯ ಮುಖ ಬಿಳಿಚಿಕೊಂಡಿತು. “ನನ್ನಿಂದ ಆ ಮಗು ಆರು ತಿಂಗಳು ಕಾಯೋ ಹಾಗಾದ್ರೆ, ನಾನು ಈ ಕುರ್ಚಿಗೆ ಮತ್ತೆ ಬರಲ್ಲ.”

“ಎಲ್ಲೆಲ್ಲಿ ಯಾವ್ಯಾವುದು ಅಂತ ಯಾರಿಗೆ ಗೊತ್ತತ್ತೆ?”

“ಜಾಗ ಎಣಿಸು,” ಎಂದಳು.

ಎರಡು ಬಿಟ್ಟಿದ್ದರೆ ಡಿಗ್ರಿ. ಮೂರಿದ್ದರೆ ಆಲ್ಫಾ. ಐದಿದ್ದರೆ ವರ್ಗಮೂಲ. “ಬೀಟಾಕ್ಕೆ ಮೂರೂವರೆ ಬೇಕಿತ್ತು ಕಣೇ, ಅರ್ಧ ಸಿಗಲ್ಲವಲ್ಲ, ನಾಲ್ಕು ಕೊಟ್ಟೆ.” ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅವಳು ಹೇಳಿದ್ದನ್ನು ನಾನು ಹಾಕುತ್ತ ಹೋದೆ. ಊಟದ ಡಬ್ಬಿ ತೆರೆಯಲೇ ಇಲ್ಲ.

ನಡುವೆ ಒಮ್ಮೆ, “ಅದು ಹೇಗೆ ಬರುತ್ತೆ?” ಎಂದು ಕೈ ಮುಂದೆ ಚಾಚಿದಳು.

“ಬಿಡತ್ತೆ, ನಾನೇ ಹಾಕ್ತೀನಿ,” ಎಂದೆ. ಕೈ ಹಿಂದಕ್ಕೆ ಹೋಯಿತು.

ಆಗ ನನಗೆ ಚುರುಕ್ ಎಂದಿತು. ಈ ಮಾತನ್ನು ನಾನು ಇದೇ ಮೊದಲು ಹೇಳಿದ್ದಲ್ಲ. ಅವಳು ಕೇಳಿದಾಗಲೆಲ್ಲ ಹೀಗೇ ಹೇಳಿ ಮೌಸ್ ಕಿತ್ತುಕೊಂಡಿದ್ದೆ. ಕಲಿಯಲಿಲ್ಲ ಎಂದು ನಕ್ಕವಳೂ ನಾನೇ, ಕಲಿಸದವಳೂ ನಾನೇ. ನಾಚಿಕೆಯಾಯಿತು.

ನಾಲ್ಕೂವರೆಗೆ ಒಂದೇ ಒಂದು ಉಳಿಯಿತು, ಎರಡು ಜಾಗದ್ದು. ನಾನು ಕುರ್ಚಿ ಸರಿಸಿದೆ. “ಇದು ನೀನು ಹಾಕು. ಆಲ್ಟ್ ಒತ್ತಿ ಹಿಡ್ಕೋ. ಬಲಗಡೆಯ ಅಂಕಿಗಳಲ್ಲಿ ಸೊನ್ನೆ, ಒಂದು, ಏಳು, ಆರು. ಈಗ ಬಿಡು.”

ಡಿಗ್ರಿಯ ಪುಟ್ಟ ಸೊನ್ನೆ ಬಂದು ಕೂತಿತು.

“ಇಷ್ಟೇನಾ?”

“ಇಷ್ಟೇ ಅತ್ತೆ.”

ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು, ಗಾಜನ್ನಲ್ಲ, ಕಣ್ಣನ್ನು. ಐದಕ್ಕೆ ಹತ್ತು ನಿಮಿಷ ಇರುವಾಗ ಫೈಲ್ ಹೋಯಿತು. ಈ ಸಲ ಸ್ವೀಕರಿಸಿದರು.

ಮರುದಿನ ನಾನು ಬರುವ ಮೊದಲೇ ಅತ್ತೆ ಬಂದು ಕೂತಿದ್ದಳು. ಮಾನಿಟರಿನ ಪಕ್ಕ ಒಂದು ಹೊಸ ಚೀಟಿ ಅಂಟಿಸಿದ್ದಳು. ಅದರಲ್ಲಿ ಅದೇ ಪೆನ್ನಿನಿಂದ ಬರೆದ ಚಿಹ್ನೆಗಳ ಸಾಲು. ಡಿಗ್ರಿಯ ಎದುರು ಅಂಕಿ ಇತ್ತು. ಉಳಿದವುಗಳ ಎದುರು, ನಾನು ಹೇಳಿಕೊಡಲಿ ಎಂದು, ಅಳತೆ ಹಿಡಿದು ಜಾಗ ಬಿಟ್ಟಿದ್ದಳು.