ಇಂದಿನಿಂದ ಅಪ್ಪ ನನ್ನ ಡಿಪೆಂಡೆಂಟ್

ಸ್ನೇಹಿತರೇ, ಇಂದು ನೋಯ್ಡಾದಲ್ಲಿ ವೀಸಾ ಏಜೆಂಟನ ಎದುರೇ ನಮ್ಮಪ್ಪ ಪೆನ್ನು ತೆಗೆದು ‘ಡಿಪೆಂಡೆಂಟ್’ ಎಂಬ ಪದವನ್ನು ಹೊಡೆದುಹಾಕಿದರು.

ನನಗೆ ವಿದೇಶದಲ್ಲಿ ಕೆಲಸ ಸಿಕ್ಕಿದೆ. ಅಮ್ಮ ಇಲ್ಲ. ಅಪ್ಪನನ್ನು ಜೊತೆಗೆ ಕರೆದೊಯ್ಯಬೇಕಾದರೆ, ಅವರು ನನ್ನನ್ನೇ ಅವಲಂಬಿಸಿದ್ದಾರೆ ಎಂಬ ಪತ್ರಕ್ಕೆ ಅವರ ಸಹಿ ಬೇಕು. ಅಪ್ಪನೋ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಿವೃತ್ತಿಯವರೆಗೂ ಬೇರೆಯವರ ಡ್ರಾಫ್ಟ್ ತಿದ್ದಿದವರು.

“ನಾನ್ಯಾಕಮ್ಮ ಡಿಪೆಂಡೆಂಟ್? ನಂಗೆ ಪೆನ್ಷನ್ ಬರುತ್ತೆ. ‘ಜೊತೆಗೆ ಬರುತ್ತಿರುವ ಹಿರಿಯರು’ ಅಂತ ಬರೆಸು.”

ಏಜೆಂಟ್ ಕೈಮುಗಿದ. “ಅಂಕಲ್‌ಜೀ, ಡಿಪೆಂಡೆಂಟ್ ನಹೀಂ ತೋ ವೀಸಾ ನಹೀಂ.” ಡಿಪೆಂಡೆಂಟ್ ಅಲ್ಲದಿದ್ದರೆ ವೀಸಾವೇ ಇಲ್ಲವಂತೆ.

ಅಪ್ಪ ನನ್ನ ಕಡೆ ತಿರುಗಿದರು. “ಹಾಗಾದ್ರೆ ನೀನೇ ನನ್ನ ಡಿಪೆಂಡೆಂಟ್ ಅಂತ ಬರೆಸು. ದಿನಾ ಬೆಳಿಗ್ಗೆ ತಿಂಡಿ ಮಾಡಿ ಡಬ್ಬಿ ಕಟ್ಟಿಕೊಡೋದು ಯಾರು?”

“ಅಪ್ಪಾ, ನೀವು ಬರದಿದ್ರೆ ನಾನೂ ಹೋಗಲ್ಲ” ಎಂದುಬಿಟ್ಟೆ.

ಅಪ್ಪ ತಾವು ತಿದ್ದಿದ್ದ ಪತ್ರವನ್ನು ಏಜೆಂಟನ ಕಡೆ ತಳ್ಳಿದರು. ಏಜೆಂಟ್ ಹೊಸ ಪ್ರಿಂಟ್ ತಂದುಕೊಟ್ಟ. ಅದರಲ್ಲೂ ಒಂದು ಅಲ್ಪವಿರಾಮ ಸೇರಿಸಿಯೇ ಸಹಿ ಹಾಕಿದರು.

ಆಟೋದಲ್ಲಿ ಮನೆಗೆ ಬಂದೆವು. ಇಷ್ಟು ವರ್ಷ ನನ್ನ ಕೈಯಿಂದ ಒಂದು ಸಲವೂ ಆಟೋ ದುಡ್ಡು ಕೊಡಿಸದ ಅಪ್ಪ, ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಇಳಿದವರೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

“ಭಯ್ಯಾಗೆ ದುಡ್ಡು ಕೊಡಮ್ಮ. ನಾನು ಡಿಪೆಂಡೆಂಟ್.”

ವೀಸಾ ಯಾವಾಗ ಬರುತ್ತದೋ ಗೊತ್ತಿಲ್ಲ. ಅಪ್ಪನ ಆದೇಶ ಮಾತ್ರ ತಕ್ಷಣದಿಂದಲೇ ಜಾರಿಗೆ ಬಂದಿದೆ.